ನಾಲ್ಕು ತಾಲ್ಲೂಕುಗಳೂ ಒಂದು ಬೆನ್ನೂ

ಪ್ರವಾಸದ ವಿಷಯವಾಗಿ ಬರೆಯುವವರು ಸಾಮಾನ್ಯವಾಗಿ ಕಾಶಿಯಿಂದಲೋ ಕಾಶ್ಮೀರದಿಂದಲೋ ಹಿಂದಿರುಗಿದವರಾಗಿರುತ್ತಾರೆ. ನಾನು ಹಿಂದಿರುಗಿದುದು ನಮ್ಮ ನಡುಮನೆಯ ಮಂಚದಿಂದ. ಮಾಲೂರು, ಶ್ರೀನಿವಾಸಪುರ, ಮುಳಬಾಗಿಲು, ಕೋಲಾರ ಎಂಬ ನಾಲ್ಕು ತಾಲ್ಲೂಕುಗಳಲ್ಲಿ ಮೂವತ್ತೈದು ವರ್ಷ ಉಪಾಧ್ಯಾಯವೃತ್ತಿಯನ್ನು ನಡೆಸಿ, ಅರವತ್ತು ತುಂಬಿ ನಿವೃತ್ತನಾದ ನಾನು ಈ ಸೀಮೆಯನ್ನು ಚೆನ್ನಾಗಿ ಬಲ್ಲೆನೆಂದು ತಿಳಿದಿದ್ದೆನು. ಬೆನ್ನು ಕೆಟ್ಟು, ಮಗುವಿನಂತೆ ಮತ್ತೆ ನಡೆಯಲು ಕಲಿತ ಮೇಲೆ, ಅಷ್ಟು ವರ್ಷವೂ ನಾನು ಈ ಊರುಗಳನ್ನು ಬರಿದೆ ಹಾದುಹೋಗಿದ್ದೆನೆಂಬುದು ಗೊತ್ತಾಯಿತು. ಊರುಗಳ ಮಾತು ಹಾಗಿರಲಿ. ನನ್ನೆದುರಿಗೆ ಕುಳಿತಿದ್ದ ಹುಡುಗರನ್ನೇ ನಾನು ಸರಿಯಾಗಿ ನೋಡಿರಲಿಲ್ಲ. ಆ ಸಂಗತಿಯನ್ನು ಅದರ ಸ್ಥಳ ಬಂದಾಗ ಅರಿಕೆ ಮಾಡುತ್ತೇನೆ.

ನನ್ನ ವ್ಯಾಧಿಗೆ ಮೂಲ ನೀರು. ನಮ್ಮ ಕಡೆ ಯಾವ ತೊಂದರೆಯನ್ನು ಕೆದಕಿದರೂ ಅಡಿಯಲ್ಲಿ ನೀರಿನ ಮಾತು ಬರುತ್ತದೆ. ವರ್ಷವೆಲ್ಲ ಹರಿಯುವ ನದಿ ಈ ಜಿಲ್ಲೆಗಿಲ್ಲ. ಪೂರ್ವಿಕರು ಕಟ್ಟಿಸಿದ ಸಾವಿರಾರು ಕೆರೆಗಳೇ ನಮ್ಮ ಗಂಗೆ ಕಾವೇರಿಗಳು. ಕೆರೆಗಳು ಬತ್ತಿದ ಮೇಲೆ ಕೊಳವೆಬಾವಿಗಳು ಬಂದವು. ಬಾವಿಗಳು ಆಳಕ್ಕೆ ಇಳಿದ ಮೇಲೆ ನೀರಿನಲ್ಲಿ ಫ್ಲೋರೈಡು ಬಂತು. ಅದನ್ನು ಸೋಸುವುದಕ್ಕೆ ಶುದ್ಧನೀರಿನ ಘಟಕಗಳು ಬಂದವು. ಘಟಕದಿಂದ ಮನೆಮನೆಗೆ ಇಪ್ಪತ್ತು ಲೀಟರಿನ ಕ್ಯಾನು ಬಂತು. ಮಾಘಮಾಸದ ಒಂದು ಬೆಳಿಗ್ಗೆ ಅಂಥ ಕ್ಯಾನೊಂದನ್ನು ಸ್ಕೂಟರಿನ ಮೇಲೆ ಇಟ್ಟುಕೊಂಡು ಬಂದೆನು. ಪಕ್ಕದ ಮನೆಯ ಹುಡುಗನು, "ತಾಳಿ ತಾತ, ನಾನು ಇಳಿಸಿಕೊಡ್ತೀನಿ" ಎಂದು ಓಡಿಬಂದನು. ತಾತ ಎಂಬ ಶಬ್ದವು ನನಗೆ ಆಗ ಹೊಸದು. ಅದಕ್ಕೆ ಉತ್ತರವೆಂಬಂತೆ ಕ್ಯಾನನ್ನು ಒಂದೇ ಸಲಕ್ಕೆ ಎತ್ತಿ ಪಕ್ಕಕ್ಕೆ ತಿರುಗಿದೆನು. ಸೊಂಟದಲ್ಲಿ ಹಗ್ಗ ಹರಿದಂತಾಯಿತು. ಕ್ಯಾನು ಕೈಜಾರಿ ಒಡೆದು ನೀರೆಲ್ಲ ಅಂಗಳದ ರಂಗವಲ್ಲಿಯ ಮೇಲೆ ಹರಿಯಿತು. ನಾನು ಬಗ್ಗಿದವನು ಬಗ್ಗಿದಂತೆಯೇ ನಿಂತಿದ್ದೆನು, ನೆಟ್ಟಗಾಗಲು ಬರಲಿಲ್ಲ. ಆ ಹತ್ತು ನಿಮಿಷದಲ್ಲಿ, ಎಷ್ಟೋ ವರ್ಷದಿಂದ ಮರೆತಿದ್ದ ಒಬ್ಬ ಹುಡುಗನ ನೆನಪು ಎಲ್ಲಿಂದಲೋ ಬಂದು ಎದುರಿಗೆ ನಿಂತಿತು.

ಡಾಕ್ಟರು ಚಿತ್ರ ತೆಗೆಯಿಸಿ ನೋಡಿ ವಿಷಯವನ್ನು ತಿಳಿಯ ಹೇಳಿದರು. ಸೊಂಟದ ಭಾಗದಲ್ಲಿರುವ ಐದು ಕಶೇರುಗಳಲ್ಲಿ ನಾಲ್ಕನೆಯದಕ್ಕೂ ಐದನೆಯದಕ್ಕೂ ನಡುವಿನ ಮೆತ್ತೆಯು ಹಿಂದಕ್ಕೆ ಉಬ್ಬಿ, ಕಾಲಿಗೆ ಇಳಿಯುವ ನರವನ್ನು ಒತ್ತುತ್ತಿದೆಯಂತೆ. ತೊಡೆಯ ಹಿಂಬದಿಯಿಂದ ಪಾದದವರೆಗೆ ಕಾದ ಸರಳನ್ನು ಎಳೆದಂತಹ ನೋವಿಗೆ ಅದೇ ಕಾರಣ. ಇದು ನಮ್ಮವರು ಗೃಧ್ರಸೀ ಎಂದು ಕರೆದಿರುವ ವ್ಯಾಧಿ. ಚರಕಸಂಹಿತೆಯು ಇದನ್ನು ವಾತರೋಗಗಳ ಸಾಲಿನಲ್ಲಿ ಎಣಿಸುತ್ತದೆ. ಗೃಧ್ರವೆಂದರೆ ರಣಹದ್ದು, ರೋಗಿಯು ಆ ಪಕ್ಷಿಯಂತೆ ಕಾಲೆಳೆದು ನಡೆಯುವುದರಿಂದ ಈ ಹೆಸರೆಂದು ಹೇಳುವವರುಂಟು. ವ್ಯುತ್ಪತ್ತಿಯನ್ನು ಬಲ್ಲವನಿಗೆ ನೋವು ಒಂದಿಷ್ಟೂ ಕಡಮೆಯಾಗುವುದಿಲ್ಲವೆಂಬುದು ಅಂದು ನನಗೆ ಅನುಭವಸಿದ್ಧವಾಯಿತು.

"ಎರಡು ಮೂರು ದಿನಕ್ಕಿಂತ ಹೆಚ್ಚಾಗಿ ಮಲಗಬೇಡಿ. ನೋವು ತಡೆಯುವಷ್ಟಾದ ಕೂಡಲೆ ಎದ್ದು ನಡೆಯಿರಿ. ಇಂಥ ಮೆತ್ತೆಗಳು ಬಹುಮಟ್ಟಿಗೆ ತಾವಾಗಿಯೇ ಕುಗ್ಗುತ್ತವೆ" ಎಂದು ಡಾಕ್ಟರು ಹೇಳಿದ್ದರು. ಆದರೆ ರೋಗಿಗೆ ಡಾಕ್ಟರು ಒಬ್ಬರು, ಬೀದಿಯವರು ಬಹಳ. ಹಾಸಿಗೆ ಬಿಟ್ಟು ಮರದ ಹಲಗೆಯ ಮೇಲೆ ಅಲುಗಾಡದೆ ಮಲಗಬೇಕೆಂದು ಒಬ್ಬರು. ಹುರುಳಿಯನ್ನು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡಬೇಕೆಂದು ಮತ್ತೊಬ್ಬರು. ಆಂಧ್ರದ ಪುತ್ತೂರಿಗೆ ಹೋಗಿ ಕಟ್ಟು ಹಾಕಿಸಬೇಕೆಂದು ಇನ್ನೊಬ್ಬರು. ಮೂಳೆ ಮುರಿದಿದ್ದರೆ ಪುತ್ತೂರಿಗೆ ಹೋಗುವುದು ನಮ್ಮ ಕಡೆಯ ಹಳೆಯ ವಾಡಿಕೆ. ಇಲ್ಲಿ ಮೂಳೆ ಮುರಿದಿರಲಿಲ್ಲ. ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನಿಗೆ ಒದೆಸಿಕೊಂಡರೆ ಉಳುಕು ಬಿಡುತ್ತದೆಂಬ ನಂಬಿಕೆಯೂ ಉಂಟಷ್ಟೆ. ಅಂಥವರೊಬ್ಬರು ನಮ್ಮ ಬೀದಿಯಲ್ಲಿಯೇ ಇದ್ದಾರೆ, ನನ್ನ ಪೂರ್ವಶಿಷ್ಯರು. ಅವರ ಉತ್ಸಾಹವನ್ನು ಕಂಡು ನಾನು ಆ ಚಿಕಿತ್ಸೆಗೆ ಒಪ್ಪಲಿಲ್ಲ. ಹಲಗೆಯ ಮಾತಿಗೆ ಮಾತ್ರ ಒಪ್ಪಿ ಮೂರು ವಾರ ಬಿದ್ದುಕೊಂಡೆನು. ಬೆನ್ನು ಹಲಗೆಗಿಂತ ಬಿರುಸಾಯಿತೇ ಹೊರತು ಗುಣವಾಗಲಿಲ್ಲ.

ಆ ಮೂರು ವಾರದ ದಿನಚರಿಯನ್ನು ಹೇಳುವುದಕ್ಕೆ ನಾಚಿಕೆಯಾಗುತ್ತದೆ. ಮೂವತ್ತೈದು ವರ್ಷ ನಿಂತುಕೊಂಡೇ ಅನ್ನ ಸಂಪಾದಿಸಿದವನಿಗೆ ನಿಲ್ಲುವುದೇ ಒಂದು ವಿದ್ಯೆಯಾಯಿತು. ಸೀನು ಬಂದರೆ ಪ್ರಾಣಭಯ. ಬಿದ್ದ ಕನ್ನಡಕವನ್ನು ಎತ್ತಿಕೊಳ್ಳುವುದಕ್ಕೆ ಇನ್ನೊಬ್ಬರನ್ನು ಕರೆಯಬೇಕು. ಸಂಧ್ಯಾವಂದನೆಗೆ ಪದ್ಮಾಸನ ಹೋಗಿ ಮರದ ಕುರ್ಚಿ ಬಂತು. ಕಾಲ ಉಗುರನ್ನು ಮನೆಯವರು ತೆಗೆದರು. ಒಂದು ಸಂಜೆ ಅವರು ಎಣ್ಣೆ ಸವರುತ್ತಿರುವಾಗ ನಾನು ಗೃಧ್ರಸಿಯ ಲಕ್ಷಣಗಳನ್ನು ವಿಸ್ತಾರವಾಗಿ ವಿವರಿಸುತ್ತಿದ್ದೆನು. ಎಲ್ಲವನ್ನೂ ಕೇಳಿ ಅವರು, "ಏನೂಂದ್ರೆ, ಬೀದಿ ನಲ್ಲಿಯಿಂದ ಇಪ್ಪತ್ತು ವರ್ಷ ಬಿಂದಿಗೆ ಹೊತ್ತೆನಲ್ಲ, ಆಗ ನನ್ನ ಸೊಂಟಾನೂ ಹೀಗೇ ನೋಯ್ತಿತ್ತು. ಅದಕ್ಕೆ ಸಂಸ್ಕೃತದಲ್ಲಿ ಹೆಸರಿದೆ ಅಂತ ನೀವು ಹೇಳಲೇ ಇಲ್ಲ" ಎಂದರು. ನಾನು ಗೋಡೆಯ ಕಡೆಗೆ ಹೊರಳಿಕೊಳ್ಳಬೇಕೆಂದಿದ್ದೆನು. ಹೊರಳುವುದಕ್ಕೂ ಅವರ ಕೈಯೇ ಬೇಕಾಯಿತು.

ನಾಲ್ಕನೆಯ ವಾರ ಡಾಕ್ಟರು ಗದರಿಸಿ ನಡೆಸಿದರು. ಮೊದಲನೆಯ ದಿನ ಹೊಸಿಲಿನವರೆಗೆ, ಮಾರನೆಯ ದಿನ ಬೀದಿಯ ದೀಪದ ಕಂಬದವರೆಗೆ, ಎರಡು ವಾರದ ಮೇಲೆ ಕೋಲಾರಮ್ಮನ ಗುಡಿಯವರೆಗೆ. ಕೋಲಾರದಲ್ಲಿ ಹನ್ನೆರಡು ವರ್ಷ ಇದ್ದೆನಾದರೂ ಆ ಗುಡಿಗೆ ನಾನು ಹೋಗುತ್ತಿದ್ದುದು ಪರೀಕ್ಷೆಯ ದಿನ ಮಕ್ಕಳ ಪರವಾಗಿ ಒಂದು ಕಾಯಿ ಒಡೆಯಿಸುವುದಕ್ಕೆ; ಸ್ಕೂಟರು ಆರುವುದರೊಳಗೆ ವಾಪಸು. ಈಗ ಹತ್ತು ಹೆಜ್ಜೆಗೊಮ್ಮೆ ನಿಲ್ಲಬೇಕಾದುದರಿಂದ ಗೋಡೆಯ ಮೇಲಿನ ಅಕ್ಷರಗಳು ಕಣ್ಣಿಗೆ ಬಿದ್ದವು. ಚೋಳರು ಈ ನಾಡನ್ನು ಆಳಿದ ಹನ್ನೊಂದನೆಯ ಶತಮಾನದ ತಮಿಳು ಶಾಸನಗಳು ಅವು. ಬಿ. ಎಲ್. ರೈಸರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟವು ಈ ಜಿಲ್ಲೆಯ ಶಾಸನಗಳಿಗೇ ಮೀಸಲಾದುದು. ಶಾಲೆಯ ಬೀರುವಿನಲ್ಲಿ ಆ ಸಂಪುಟವಿತ್ತು. ಗೋಡೆ ಅರ್ಧ ಮೈಲಿಯಲ್ಲಿತ್ತು. ಎರಡನ್ನೂ ಒಂದು ಮಾಡಿ ಹುಡುಗರಿಗೆ ತೋರಿಸಬೇಕೆಂದು ನನಗೆ ತೋಚಿರಲಿಲ್ಲ. ಅದೇ ಆವರಣದಲ್ಲಿ ಚೇಳಮ್ಮನೆಂಬ ದೇವತೆಯ ಸನ್ನಿಧಿಯುಂಟು. ಆಕೆಯನ್ನು ನಂಬಿದವರಿಗೆ ಚೇಳಿನ ಭಯವಿಲ್ಲವೆನ್ನುತ್ತಾರೆ. ಕುಟುಕುವ ನೋವಿನಿಂದ ಕಾಪಾಡುವ ತಾಯಿಗೆ, ನನ್ನ ಕಾಲಿನ ನೋವೂ ಆ ಜಾತಿಯದೇ ಎಂದು ನಾನು ನಿವೇದಿಸಿಕೊಂಡೆನು.

ಕೋಲಾರಮ್ಮನಿಂದ ಸೋಮೇಶ್ವರನಿಗೆ ನಡಿಗೆ ಬೆಳೆಯಿತು. ವಿಜಯನಗರದ ಕಾಲದ ಎತ್ತರವಾದ ಆ ಗೋಪುರದ ಒಳಗೆ, ಕಲ್ಯಾಣಮಂಟಪದ ಕೆತ್ತನೆಯ ಕಂಬಗಳ ನೆರಳಿನಲ್ಲಿ ನಿಂತು ಬೆನ್ನಿಗೆ ವಿಶ್ರಾಂತಿ ಕೊಡುವುದು ರೂಢಿಯಾಯಿತು. ಇನ್ನೂ ಕೆಲವು ದಿನ ಕಳೆದ ಮೇಲೆ ಕೆರೆಯ ಏರಿಯನ್ನು ಹಿಡಿದೆನು. 2018ರಿಂದ ಬೆಂಗಳೂರಿನ ಕೋರಮಂಗಲ, ಚಲ್ಲಘಟ್ಟ ಕಣಿವೆಯ ಕೊಳಚೆನೀರನ್ನು ಸಂಸ್ಕರಿಸಿ ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿದ್ದಾರೆ. ಕುಡಿಯುವುದಕ್ಕಲ್ಲ, ನೆಲದೊಳಗೆ ಇಂಗಿ ಬಾವಿಗಳ ನೀರು ಮೇಲೇರಲೆಂದು. ಅದರ ಗುಣದೋಷಗಳನ್ನು ಕುರಿತು ವಾದವುಂಟು. ಆದರೂ ಜಾಲಿ ಬೆಳೆದಿದ್ದ ಅಂಗಳದಲ್ಲಿ ಅಲೆ ಏಳುವುದನ್ನು ನೋಡಿದರೆ ನಮ್ಮ ಸೀಮೆಯವನಿಗೆ ಎದೆ ತಣ್ಣಗಾಗದೆ ಇರದು.

ಮೂರನೆಯ ತಿಂಗಳಿನಲ್ಲಿ ಒಂದು ಗಂಟೆಯ ಮಟ್ಟಿಗೆ ಬಸ್ಸಿನಲ್ಲಿ ಕೂರಬಹುದೆಂದು ಅಪ್ಪಣೆಯಾಯಿತು. ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು ಮೂರೂ ಕೋಲಾರದಿಂದ ಹೆಚ್ಚು ಕಡಮೆ ಅಷ್ಟೇ ದೂರ. ನಾನು ಕೆಲಸ ಮಾಡಿದ ಊರುಗಳನ್ನು, ಕಡೆಯದರಿಂದ ಮೊದಲನೆಯದಕ್ಕೆ, ಹಿಂದುಹಿಂದಕ್ಕೆ ನೋಡಿಕೊಂಡು ಬರೋಣವೆಂದು ಮನಸ್ಸಾಯಿತು. ಆ ಹುಡುಗನಿದ್ದುದು ಮೊದಲನೆಯ ಊರಿನಲ್ಲಿ. ಅಲ್ಲಿಗೆ ಹೋಗುವುದನ್ನು ಕಡೆಗೆ ಇಟ್ಟುಕೊಂಡೆನೆಂಬುದನ್ನು ಬುದ್ಧಿವಂತರಾದ ವಾಚಕರು ಗಮನಿಸಿರಬಹುದು.

ಮುಳಬಾಗಿಲಿಗೆ ಹೆದ್ದಾರಿಯ ಪ್ರಯಾಣ, ಬೆನ್ನಿಗೆ ಸುಖ. ಮೂಡಲ ದಿಕ್ಕಿನ ಬಾಗಿಲಾದುದರಿಂದ ಊರಿಗೆ ಆ ಹೆಸರು. ಭಾರತಯುದ್ಧದ ಅನಂತರ ಅರ್ಜುನನು ಪ್ರತಿಷ್ಠಿಸಿದನೆಂದು ಹೇಳುವ ಆಂಜನೇಯನು ಇಲ್ಲಿದ್ದಾನೆ. ಊರಿನ ಹೊರಗೆ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಬೃಂದಾವನವಿದೆ. ಹದಿನೈದನೆಯ ಶತಮಾನದಲ್ಲಿ ಸಂಸ್ಕೃತಪಂಡಿತರ ನಡುವೆ ಕನ್ನಡದಲ್ಲಿ ದೇವರನಾಮಗಳನ್ನು ಹಾಡಿದವರು ಅವರು. ವ್ಯಾಸರಾಯರು ಅವರ ಬಳಿ ಇಲ್ಲಿ ಓದಿದರು. 1887ರಲ್ಲಿ ಡಿ. ವಿ. ಗುಂಡಪ್ಪನವರು ಹುಟ್ಟಿದ್ದೂ ಈ ಊರಿನಲ್ಲೇ. ಮೆಟ್ರಿಕ್ಯುಲೇಷನ್ ತೇರ್ಗಡೆಯಾಗದವರು ನಾಡಿಗೆಲ್ಲ ಪಾಠ ಹೇಳಿದರೆಂಬುದನ್ನು ನಾನು ತರಗತಿಯಲ್ಲಿ ಹೇಳುತ್ತಿದ್ದೆನು. ಆದರೆ ತೇರ್ಗಡೆಯಾಗದ ನನ್ನ ಹುಡುಗರನ್ನು ನೋಡುವಾಗ ಆ ಮಾತನ್ನು ಮರೆಯುತ್ತಿದ್ದೆನು.

ಅಲ್ಲಿಂದ ಕುರುಡುಮಲೆಗೆ ಹೋದೆನು. ಅಲ್ಲಿಯ ಗಣಪತಿಯು ಸುಮಾರು ಹದಿಮೂರು ಅಡಿ ಎತ್ತರದ ಏಕಶಿಲಾಮೂರ್ತಿ. ಮೊದಲೆಲ್ಲ ಸಾಷ್ಟಾಂಗವೆರಗುತ್ತಿದ್ದವನು ಈಗ ಕಂಬ ಹಿಡಿದು ನಿಂತಿರುವುದನ್ನು ಕಂಡು ಅರ್ಚಕರು ವಿಚಾರಿಸಿದರು. ಹೇಳಿದೆನು. "ನಿಂತೇ ಕೈಮುಗೀರಿ ಮೇಷ್ಟ್ರೇ. ಈ ಸ್ವಾಮಿ ಕೂತವನು ಎದ್ದೇ ಇಲ್ಲ. ನೀವು ನಿಂತವರು ಬಗ್ಗದಿದ್ದರೆ ಕೋಪ ಮಾಡಿಕೊಳ್ಳುತ್ತಾನೆಯೇ?" ಎಂದರು. ಹೊಟ್ಟೆತುಂಬ ನಕ್ಕೆನು. ನಕ್ಕ ಮೇಲೆ ನೋವಾಗಲಿಲ್ಲವೆಂಬುದು ಹೊರಗೆ ಬಂದಾಗ ಗೊತ್ತಾಯಿತು. ಆ ಸಂತೋಷಕ್ಕಾಗಿ ಮುಳಬಾಗಿಲಿನ ಪ್ರಸಿದ್ಧವಾದ ದೋಸೆಯನ್ನು, ನಿಂತುಕೊಂಡೇ, ಎರಡು ತಿಂದೆನು.

ಶ್ರೀನಿವಾಸಪುರಕ್ಕೆ ಹೋದುದು ಮೇ ತಿಂಗಳ ಕೊನೆಯಲ್ಲಿ. ಅದು ಮಾವಿನ ಸೀಮೆ. ಬಾದಾಮಿ, ರಸಪೂರಿ, ಮಲ್ಲಿಕಾ, ತೋತಾಪುರಿ ಎಂದು ಒಂದರ ಹಿಂದೆ ಒಂದು ಮಂಡಿಗೆ ಬರುವ ಆ ಕಾಲದಲ್ಲಿ ಊರಿಗೆ ಊರೇ ಹಣ್ಣಿನ ವಾಸನೆ. ಹಿಂದೆ ನಮ್ಮ ಶಾಲೆಯ ಪಕ್ಕದಲ್ಲಿ ತೋಟವಿದ್ದ ಒಬ್ಬ ರೈತರು ಕೈಹಿಡಿದು ಕರೆದುಕೊಂಡು ಹೋದರು. ದೋಟಿಯಿಂದ ಕಾಯಿ ಕೀಳುವವರು ಕೀಳುತ್ತಿದ್ದರು. ಒಂದು ಹಳೆಯ ಮರದ ಕೊಂಬೆಗಳು ಕಾಯಿಯ ಭಾರಕ್ಕೆ ನೆಲ ಮುಟ್ಟುವಂತೆ ಬಾಗಿದ್ದವು. ಶಾಕುಂತಲದ ಐದನೆಯ ಅಂಕದಲ್ಲಿ ಕಾಳಿದಾಸನು, ಹಣ್ಣು ಬಿಟ್ಟ ಮರ ಬಾಗುವುದನ್ನು ಸಜ್ಜನರ ವಿನಯಕ್ಕೆ ಹೋಲಿಸಿದ್ದಾನೆ. ಆ ಶ್ಲೋಕವನ್ನು ವರ್ಷವರ್ಷವೂ ಪಾಠ ಮಾಡಿದವನು ನಾನು. ಅಭ್ಯಾಸಬಲದಿಂದ ಅದರ ಅರ್ಥವನ್ನು ರೈತರಿಗೆ ವಿವರಿಸಿದೆನು. ಅವರು ಕೊಂಬೆಯ ಅಡಿಗೆ ಕವೆಗೋಲೊಂದನ್ನು ಊರೆ ಕೊಡುತ್ತಾ, ತೆಲುಗು ಬೆರೆತ ನಮ್ಮ ಕಡೆಯ ಕನ್ನಡದಲ್ಲಿ, "ವಿನಯ ಎಲ್ಲಿ ಬಂತು ಸ್ವಾಮಿ? ಭಾರ ತಡೀಲಾರ್ದೆ ಬಾಗೈತೆ. ಊರೆ ಕೊಡ್ದೆ ಇದ್ರೆ ರಾತ್ರಿ ಗಾಳಿಗೆ ಮುರ್ಕೊಂಡು ಬೀಳ್ತದೆ" ಎಂದರು.

ಕಾಳಿದಾಸನು ತಪ್ಪು ಹೇಳಿದನೆಂದು ನಾನು ಹೇಳಲಾರೆನು. ಆದರೆ ಬಾಗಿದ ಬೆನ್ನುಗಳಲ್ಲಿ ವಿನಯದಿಂದ ಬಾಗಿದುದು ಯಾವುದು, ಭಾರದಿಂದ ಬಾಗಿದುದು ಯಾವುದು ಎಂದು ವಿಚಾರಿಸಬೇಕಾದುದು ಉಪಾಧ್ಯಾಯನ ಕೆಲಸವಾಗಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದಕ್ಕೆ ಬೆನ್ನು ಕಾರಣವಲ್ಲ. ಮಾರನೆಯ ವಾರವೇ ಮಾಲೂರಿಗೆ ಹೊರಟೆನು.

ಮಾಲೂರು ಹೆಂಚಿಗೂ ಇಟ್ಟಿಗೆಗೂ ಹೆಸರಾದ ಊರು. ಅಲ್ಲಿಯ ಜೇಡಿಮಣ್ಣು ಅದಕ್ಕೆ ಒದಗಿಬಂದಿದೆ. 1891ರಲ್ಲಿ ಹುಟ್ಟಿ, 1983ರ ಜ್ಞಾನಪೀಠ ಪ್ರಶಸ್ತಿಯನ್ನು ಪಡೆದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮಾಸ್ತಿಯು ಈ ತಾಲ್ಲೂಕಿನಲ್ಲಿದೆ. ಸುಮಾರು ಮೂವತ್ತೈದು ವರ್ಷದ ಹಿಂದೆ ನಾನು ಇಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದಾಗ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ತಡವಾಗಿ ಬರುತ್ತಿದ್ದನು; ಬಂದವನು ಒಂದು ಪಕ್ಕಕ್ಕೆ ವಾಲಿ ಕೂರುತ್ತಿದ್ದನು. "ನೆಟ್ಟಗೆ ಕುಳಿತುಕೋ" ಎಂದರೆ ಒಂದು ಗಳಿಗೆ ಕುಳಿತು ಮತ್ತೆ ವಾಲುತ್ತಿದ್ದನು. ಅದನ್ನು ಸೋಮಾರಿತನವೆಂದೂ ಉದ್ಧಟತನವೆಂದೂ ಎಣಿಸಿ ಒಂದು ದಿನ ಅವನನ್ನು ಹಲಗೆಯ ಪಕ್ಕದಲ್ಲಿ ಬಗ್ಗಿ ನಿಲ್ಲಿಸಿ, ಬೆನ್ನಿನ ಮೇಲೆ ಡಸ್ಟರನ್ನು ಇಟ್ಟು, ಅದು ಬಿದ್ದರೆ ಇನ್ನೊಂದು ಪೀರಿಯಡ್ಡು ಎಂದು ಹೇಳಿ, ಶಬ್ದರೂಪಗಳನ್ನು ಮುಂದುವರಿಸಿದೆನು. ಡಸ್ಟರು ಮೂರು ಸಲ ಬಿತ್ತು. ಮೂರು ಸಲವೂ ನಾನೇ ಎತ್ತಿ ಇಟ್ಟೆನು. ತರಗತಿ ನಕ್ಕಿತು. ಆ ವರ್ಷ ಮುಗಿಯುವುದರೊಳಗೆ ಅವನು ಶಾಲೆಯನ್ನು ಬಿಟ್ಟನು. ಹಾಗೆ ಬಿಡುವವರು ಪ್ರತಿವರ್ಷವೂ ಇರುತ್ತಿದ್ದುದರಿಂದ ನಾನು ವಿಚಾರಿಸಲಿಲ್ಲ.

ಅಂಥ ಶಿಕ್ಷೆಯನ್ನು, 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮಕ್ಕಳ ಶಿಕ್ಷಣದ ಹಕ್ಕಿನ ಕಾಯಿದೆಯು ನಿಷೇಧಿಸಿದೆ. ಆದರೆ ಕಾಯಿದೆಯು ಹಿಂದಿನ ಡಸ್ಟರುಗಳನ್ನು ಇಳಿಸಲಾರದು.

ಊರಿನಲ್ಲಿ ಕೇಳುತ್ತಾ ಹೋದಾಗ ಅವನು ಸಿಕ್ಕಿದನು. ಈಗ ಐವತ್ತರ ಹತ್ತಿರ. ಇಟ್ಟಿಗೆಯನ್ನು ಲಾರಿಗೆ ತುಂಬುವ ಆಳುಗಳ ಮೇಸ್ತ್ರಿ. ಸೊಂಟಕ್ಕೆ ಟವಲನ್ನು ಬಿಗಿದು ಕಟ್ಟಿಕೊಂಡಿದ್ದನು. ನಾನು ನಡೆದುಬರುವುದನ್ನು ದೂರದಿಂದಲೇ ನೋಡಿ, ಗುರುತು ಕೇಳುವುದಕ್ಕೆ ಮೊದಲು, "ಎಡಗಾಲಿಗೆ ಎಳೀತಾ ಸಾರ್?" ಎಂದು ಕೇಳಿದನು. ಆಮೇಲೆ ಗುರುತು ಹಿಡಿದು ಒಂದು ಕುರ್ಚಿ ತರಿಸಿ, ಅದರ ಬೆನ್ನಿಗೆ ಗೋಣಿಚೀಲವನ್ನು ಮಡಿಸಿ ಇಟ್ಟು ಕೂರಿಸಿದನು. ಕ್ಯಾನಿನ ಕಥೆಯನ್ನು ಕೇಳಿ, "ಬೆನ್ನಲ್ಲಿ ಎತ್ತಬಾರದು ಸಾರ್, ತೊಡೆಯಲ್ಲಿ ಎತ್ತಬೇಕು" ಎಂದು ಹೇಳಿ, ಮೊಣಕಾಲು ಮಡಿಸಿ ಕೂತು, ಭಾರವನ್ನು ಹೊಟ್ಟೆಗೆ ಅವಚಿಕೊಂಡು, ಬೆನ್ನು ಬಾಗಿಸದೆ ಏಳುವುದನ್ನೂ, ಸೊಂಟವನ್ನು ತಿರುಚದೆ ಪಾದವನ್ನೇ ತಿರುಗಿಸುವುದನ್ನೂ ಎರಡು ಸಲ ಮಾಡಿ ತೋರಿಸಿದನು. ಡಾಕ್ಟರು ಕೊಟ್ಟ ಕಾಗದದಲ್ಲಿ ಅಚ್ಚಾಗಿದ್ದುದು ಅದೇ. ಓದಿದಾಗ ಅರ್ಥವಾಗದಿದ್ದುದು ಈಗ ಅರ್ಥವಾಯಿತು.

ನಾನು ಹೇಳಬೇಕೆಂದು ಬಂದುದನ್ನು ಹೇಳಿದೆನು. ಬಸ್ಸಿನಲ್ಲಿ ಚೆನ್ನಾಗಿ ಜೋಡಿಸಿಕೊಂಡಿದ್ದ ವಾಕ್ಯಗಳು ಯಾವುವೂ ನೆನಪಿಗೆ ಬರಲಿಲ್ಲ. "ಆ ದಿನ ಡಸ್ಟರು ಇಟ್ಟಿದ್ದೆನಲ್ಲಪ್ಪ, ಜ್ಞಾಪಕವಿದೆಯೇ? ತಪ್ಪು ಮಾಡಿದೆ" ಎಂದೆನು.

ಅವನು ಸ್ವಲ್ಪ ಹೊತ್ತು ಗೂಡಿನ ಕಡೆಗೆ ನೋಡುತ್ತಿದ್ದನು. "ಜ್ಞಾಪಕ ಇಲ್ಲದೆ ಏನು ಸಾರ್? ಅವತ್ತು ಬೆಳಗಿನ ಜಾವ ಎದ್ದು ಮುನ್ನೂರು ಇಟ್ಟಿಗೆ ಹೊತ್ತು ಬಂದಿದ್ದೆ. ಅಪ್ಪನಿಗೆ ಜ್ವರ" ಎಂದನು. ಕ್ಷಮಿಸಿದೆನೆಂದು ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಒಬ್ಬ ಹುಡುಗನನ್ನು ಕರೆದು, "ಮೇಷ್ಟ್ರಿಗೆ ಟೀ ತಗೊಂಡು ಬಾ, ಸಕ್ಕರೆ ಕಡಿಮೆ" ಎಂದನು. ತನ್ನ ಮಗಳು ಕೋಲಾರದಲ್ಲಿ ಕಾಲೇಜು ಓದುತ್ತಿದ್ದಾಳೆಂದು ಹೇಳಿದನು. ಬಸ್ಸಿನವರೆಗೆ ಬಂದು, ನನ್ನ ಕೈಚೀಲವನ್ನು ನನಗೆ ಕೊಡದೆ ತಾನೇ ಹತ್ತಿ ಸೀಟಿನ ಮೇಲೆ ಇಟ್ಟು ಇಳಿದನು. ಈ ಸಲ ನಾನು ಬೇಡವೆನ್ನಲಿಲ್ಲ.

ಈಗ ನನ್ನ ಬೆನ್ನು ಬಹಳ ಮಟ್ಟಿಗೆ ವಾಸಿಯಾಗಿದೆ. ಪ್ರತಿದಿನ ಬೆಳಿಗ್ಗೆ ನಲವತ್ತು ನಿಮಿಷ ನಡೆಯುತ್ತೇನೆ. ಅರ್ಧ ಗಂಟೆಗಿಂತ ಹೆಚ್ಚಾಗಿ ಒಂದೇ ಕಡೆ ಕೂರುವುದಿಲ್ಲ. ಕಳೆದ ಸೋಮವಾರ ಅಂತರಗಂಗೆಯ ಮೆಟ್ಟಿಲುಗಳನ್ನು ನಿಂತು ನಿಂತು ಹತ್ತಿ, ಕಲ್ಲಿನ ಬಸವನ ಬಾಯಿಂದ ಬೀಳುವ ನೀರನ್ನು ಬೊಗಸೆಯಲ್ಲಿ ಹಿಡಿದು ಕುಡಿದೆನು. ಇಷ್ಟು ನೀರಿಲ್ಲದ ಸೀಮೆಯಲ್ಲಿ ಆ ನೀರು ಬೆಟ್ಟದ ಯಾವ ಬೆನ್ನಿನಿಂದ ಬರುತ್ತದೋ!

ಗೃಹಸ್ಥರಾದ ವಾಚಕರಿಗೆ ಅನುಭವದಿಂದ ಎರಡು ಮಾತು. ಬೆನ್ನುನೋವು ಬಂದರೆ ಗಾಬರಿ ಬೇಡ; ಬಹುಪಾಲು ಕೆಲವು ವಾರಗಳಲ್ಲಿ ಇಳಿಯುತ್ತದೆ. ಬಹಳ ದಿನ ಮಲಗಬಾರದು. ಆದರೆ ಕಾಲಿನ ಬಲ ಕುಂದಿದರೆ, ತೊಡೆಗಳ ಸಂದಿನಲ್ಲಿ ಜೋಮು ಹಿಡಿದರೆ, ಮಲಮೂತ್ರಗಳ ಹಿಡಿತ ತಪ್ಪಿದರೆ, ನೋವಿನೊಡನೆ ಜ್ವರ ಬಂದರೆ, ಬೀದಿಯವರ ಮಾತನ್ನು ಕೇಳುತ್ತಾ ಕೂರದೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ಮತ್ತು ಮನೆಯಲ್ಲಿ ನೀರು ಹೊರುವವರು ಯಾರೆಂಬುದನ್ನು ಒಮ್ಮೆ ವಿಚಾರಿಸಿಕೊಳ್ಳಬೇಕು.

ಸಂಜೆ ನಮ್ಮ ಜಗಲಿಯಲ್ಲಿ ನಾಲ್ಕು ಮಕ್ಕಳು ಪಾಠಕ್ಕೆ ಬರುತ್ತಾರೆ. ಅವರಲ್ಲಿ ಏಳನೆಯ ತರಗತಿಯ ಒಬ್ಬಳು ಗೂನು ಹಾಕಿಕೊಂಡು ಕೂರುತ್ತಾಳೆ. "ನೆಟ್ಟಗೆ" ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, "ಬೆನ್ನು ನೋಯುತ್ತದೆಯೇ ಮಗು?" ಎಂದು ಕೇಳಿದೆನು. ಹೌದೆಂದಳು. ಹಳೆಯ ಕಾಗದ ಕೊಳ್ಳುವವನು ಬೀದಿಯಲ್ಲಿ ಬಂದಾಗ ಅವನ ತಕ್ಕಡಿಯಲ್ಲಿ ಅವಳ ಶಾಲೆಯ ಚೀಲವನ್ನು ತೂಗಿಸಿದೆನು. ಆರೂವರೆ ಕಿಲೋ. ಮಗುವಿನ ತೂಕದ ಹತ್ತರಲ್ಲೊಂದು ಪಾಲನ್ನು ಚೀಲವು ಮೀರಬಾರದೆಂದು ನಮ್ಮ ಶಿಕ್ಷಣ ಇಲಾಖೆಯು 2019ರಲ್ಲಿಯೇ ಆಜ್ಞೆ ಮಾಡಿದೆ. ಆ ತರಗತಿಗೆ ನಾಲ್ಕು ಕಿಲೋ ಮಿತಿ. ಅವಳೂ ನಾನೂ ಕೂತು ಮಾರನೆಯ ದಿನಕ್ಕೆ ಬೇಡವಾದ ಪುಸ್ತಕಗಳನ್ನು ಒಂದೊಂದಾಗಿ ತೆಗೆದೆವು. ಚೀಲವನ್ನು ಎತ್ತಿ ಅವಳ ಹೆಗಲಿಗೆ ಕೊಡುವಾಗ, ಮಾಲೂರಿನ ಮೇಸ್ತ್ರಿ ಕಲಿಸಿದಂತೆ, ಮೊಣಕಾಲನ್ನು ಮಡಿಸಿ ತೊಡೆಯಿಂದ ಎತ್ತಿದೆನು.